ಭಾವ ಇಳಿಸಿದ ತೂಕ

ನಮ್ಮ ಭಾವನ ಕಾಲುಗಳ ಬಗ್ಗೆ ಯಾರಾದರೂ ಕೇಳಿದರೆ, ಅವು ಇದ್ದವು ಎಂದಷ್ಟೇ ಹೇಳಬಹುದಾಗಿತ್ತು. ಅದಕ್ಕಿಂತ ಹೆಚ್ಚು ಹೇಳಿದರೆ ಸುಳ್ಳಾಗುತ್ತಿತ್ತು. ತೂಕ ಮತ್ತು ಅಳತೆ ಇಲಾಖೆಯಲ್ಲಿ ಅವರು ಗುಮಾಸ್ತರು. ಅಂಗಡಿಯವರು ತಂದ ತೂಕದ ಬಟ್ಟುಗಳನ್ನು ತಕ್ಕಡಿಗಿಟ್ಟು, ಸರಿಯಿದ್ದರೆ ಮುದ್ರೆ ಹೊಡೆಯುವುದು, ಸರಿಯಿಲ್ಲದಿದ್ದರೆ ಕೆಂಪು ಬಣ್ಣ ಬಳಿದು ಉಗ್ರಾಣಕ್ಕೆ ಎಸೆಯುವುದು ಅವರ ಕೆಲಸ. ಕುರ್ಚಿಯಿಂದ ಉಗ್ರಾಣದ ಬಾಗಿಲಿನವರೆಗೆ ಹೋಗಿ ಬಂದರೆ ಆ ಕಾಲುಗಳ ಆ ದಿನದ ಕರ್ತವ್ಯ ಮುಗಿಯಿತು. ಪ್ಯಾಂಟಿನೊಳಗೆ ಕಾಲಿದೆಯೋ ಇಲ್ಲವೋ ಎಂಬುದು ಗಾಳಿ ಬೀಸಿದಾಗ ಮಾತ್ರ ಗೊತ್ತಾಗುತ್ತಿತ್ತು.

ಅವರ ಅಪ್ಪ ಶಾಲೆಯಲ್ಲಿ ಡ್ರಿಲ್ ಮೇಷ್ಟ್ರಾಗಿದ್ದವರು. ಎತ್ತರ, ಗಾತ್ರ, ದನಿ ಎಲ್ಲದರಲ್ಲೂ ದೊಡ್ಡವರು. ನಾವು ಕರೆಯುತ್ತಿದ್ದುದೂ ದೊಡ್ಡವರು ಅಂತಲೇ. ನಿವೃತ್ತರಾಗಿ ಎಷ್ಟೋ ವರ್ಷವಾದರೂ ಕೊರಳಿನ ಸೀಟಿ ತೆಗೆದಿರಲಿಲ್ಲ. ನೀರು ಬೇಕಾದರೆ ಒಂದು ಸೀಟಿ, ಊಟಕ್ಕೆ ಎರಡು. ಉದ್ದ ಸೀಟಿ ಊದಿದರೆ ಮಗ ಏನೋ ತಪ್ಪು ಮಾಡಿದ್ದಾನೆ ಅಂತ ಅರ್ಥ. ನಮ್ಮ ಅಕ್ಕ ಆ ಮನೆಗೆ ಸೊಸೆಯಾಗಿ ಹೋದ ಹೊಸತರಲ್ಲಿ ಉದ್ದ ಸೀಟಿ ಕೇಳಿದಾಗಲೆಲ್ಲ ಬೆಚ್ಚುತ್ತಿದ್ದಳು. ಬರಬರುತ್ತಾ ಅದು ಯಾವಾಗಲೂ ಗಂಡನಿಗೇ ಎಂದು ಗೊತ್ತಾಗಿ ನೆಮ್ಮದಿಯಾದಳು.

ಅವರ ಮನೆ ನಾಲ್ಕನೇ ಮಹಡಿಯಲ್ಲಿ, ನನ್ನದು ಅದರ ಕೆಳಗೆ ಮೂರರಲ್ಲಿ. ನನ್ನ ಜೆರಾಕ್ಸ್ ಅಂಗಡಿ ಬೀದಿಯಾಚೆ. ಕಟ್ಟಡದ ಲಿಫ್ಟು ಕೆಟ್ಟು ನಿಂತು ಒಂದು ವರ್ಷ ದಾಟಿತ್ತು. ಮುಂದಿನ ವಾರ ರಿಪೇರಿ ಎಂಬ ಚೀಟಿಯನ್ನು ಅದರ ಬಾಗಿಲಿಗೆ ಅಂಟಿಸಿದ್ದರು. ಆ ಚೀಟಿ ಹಳದಿಯಾದಾಗ ಬದಲಾಯಿಸಲು ನನ್ನ ಅಂಗಡಿಯಿಂದಲೇ ಹೊಸ ಪ್ರತಿ ತೆಗೆಸಿಕೊಂಡು ಹೋದರು. ರಿಪೇರಿಯಾದದ್ದು ಅದೊಂದೇ.

ಹೀಗಿರುವಾಗ ದೊಡ್ಡವರ ಕಾಲು ಊದತೊಡಗಿತು. ಬೀದಿ ತುದಿಯ ಡಾಕ್ಟರು ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದರು. ರೋಗಿಗಿಂತ ಮೊದಲು ತಾವೇ ಸುಧಾರಿಸಿಕೊಂಡು, ಹೃದಯ ದಣಿದಿದೆ, ಕಾಲಲ್ಲಿ ನೀರು ತುಂಬಿದೆ, ಆಸ್ಪತ್ರೆಗೆ ಸೇರಿಸಿ ಎಂದರು.

"ಮಾತ್ರೆ ಕೊಟ್ಟು ಒಂದಷ್ಟು ದಿನ ತಳ್ಳಬಹುದು. ಆದ್ರೆ ತಳ್ತಾನೇ ಇರಬೇಡಿ."

"ಸ್ಟ್ರೆಚರ್ ತರಿಸ್ತೀನಿ," ಎಂದರು ಭಾವ.

ಉದ್ದ ಸೀಟಿ ಮೊಳಗಿತು. ಹಿಂದಿನ ವರ್ಷ ದೊಡ್ಡವರು ಜಾರಿಬಿದ್ದಾಗ ನಾಲ್ಕು ಜನ ಅವರನ್ನು ಸ್ಟ್ರೆಚರಿಗೆ ಬಿಗಿದು ಇಳಿಸಿದ್ದರು. ತಿರುವಿನಲ್ಲಿ ತಲೆ ಕೆಳಗಾಗಿ ಕಾಲು ಮೇಲಾಗಿ, ಎರಡನೇ ಮಹಡಿ ತಲುಪುವಷ್ಟರಲ್ಲಿ ಪೈಜಾಮ ಜಾರಿತ್ತು. ಇಡೀ ಕಟ್ಟಡ ಬಾಗಿಲಲ್ಲಿ ನಿಂತಿತ್ತು. ಸಾವಿರಾರು ಹುಡುಗರಿಗೆ ನೆಟ್ಟಗೆ ನಿಲ್ಲುವುದನ್ನು ಕಲಿಸಿದ ಮನುಷ್ಯನನ್ನು ಎಲ್ಲರೂ ಅಡ್ಡಡ್ಡ ನೋಡಿದರು. ಆಮೇಲೆ ಅವರು ಮನೆಯ ಹೊಸಿಲು ದಾಟಿರಲಿಲ್ಲ.

"ಆ ಹಲಗೆ ಮೇಲೆ ನಾನು ಇನ್ನೊಂದ್ಸಲ ಮಲಗಲ್ಲ. ಹೋಗ್ಲೇಬೇಕು ಅಂದ್ರೆ ನನ್ನ ಮಗ ಹೊತ್ಕೊಂಡು ಇಳೀಲಿ, ಬರ್ತೀನಿ," ಎಂದು ದೊಡ್ಡವರು ಮಗನ ಕಾಲುಗಳ ಕಡೆ ನೋಡಿದರು.

ಡಾಕ್ಟರು ನಕ್ಕರು. ಅಕ್ಕ ಸೆರಗು ಬಾಯಿಗಿಟ್ಟುಕೊಂಡಳು. ನಾನಂತೂ ಕಿಟಕಿಯ ಕಡೆ ತಿರುಗಿ ನಕ್ಕೆ. ದೊಡ್ಡವರ ತೂಕ ತೊಂಬತ್ತು ಕಿಲೋ. ಭಾವನನ್ನು ಎರಡು ಸಲ ತೂಗಿದರೂ ಅಷ್ಟು ಬರುತ್ತಿತ್ತೋ ಇಲ್ಲವೋ. ಅದು ಚುಚ್ಚಲು ಆಡಿದ ಮಾತು ಎಂದು ಗೋಡೆಯ ಮೇಲಿನ ಹಲ್ಲಿಗೂ ಗೊತ್ತಿತ್ತು. ಗೊತ್ತಾಗದಿದ್ದದ್ದು ಒಬ್ಬರಿಗೇ.

"ಆಗಲಿ ಅಪ್ಪ," ಎಂದರು ಭಾವ.

ಮಾತು ಮನೆ ಕೆಡಿಸಿತು ಎನ್ನುತ್ತಾರೆ. ನಮ್ಮಲ್ಲಿ ಮಾತು ಮೊದಲು ಕಾಲು ಕೆಡಿಸಿತು.

ಮರುದಿನ ಭಾವ ನನ್ನನ್ನು ಜೊತೆಗೆ ಕರೆದುಕೊಂಡು ಟೈರ್ ಅಂಗಡಿಯ ಹಿಂದಿರುವ ವ್ಯಾಯಾಮಶಾಲೆಗೆ ಹೋದರು. ಅಲ್ಲಿನ ಪೈಲ್ವಾನ ಒಳ್ಳೆಯ ಮನುಷ್ಯ. ಭಾವನನ್ನು ನೋಡಿ, ಯಾರನ್ನೋ ಹುಡುಕಿಕೊಂಡು ಬಂದಿದ್ದಾರೆ ಎಂದುಕೊಂಡು, "ಯಾರು ಬೇಕಿತ್ತು?" ಎಂದ. ಭಾವ ಸಂಗತಿ ವಿವರಿಸಿದರು. ಹತ್ತುವುದು ಬೇಕಿಲ್ಲ, ಇಳಿಯುವುದು ಮಾತ್ರ ಸಾಕು, ಅಪ್ಪ ಗುಣವಾಗಿ ಬರುವ ಹೊತ್ತಿಗೆ ಲಿಫ್ಟು ಸರಿಹೋಗಿರುತ್ತದೆ ಎಂದರು. ಭಾವನ ಸ್ವಭಾವವೇ ಹಾಗೆ, ಅಂಟಿಸಿದ ಚೀಟಿಯನ್ನು ನಂಬುವುದು.

ಪೈಲ್ವಾನನ ಮುಖ ಅರಳಿತು. "ಹಾಗಾದ್ರೆ ನಿಮಗೆ ಬೇಕಾಗಿರೋದು ನೆಗೆಟಿವ್ ಸಾರ್. ಮನುಷ್ಯನ ಕಾಲು ಎತ್ತೋದಕ್ಕಿಂತ ಇಳಿಸೋದ್ರಲ್ಲಿ ಗಟ್ಟಿ. ಐವತ್ತು ಕಿಲೋ ಹೊತ್ಕೊಂಡು ಕೂತು ಏಳೋಕಾಗದವನೂ ಅರವತ್ತೈದು ಹೊತ್ಕೊಂಡು ನಿಧಾನವಾಗಿ ಕೂರಬಲ್ಲ. ನಿಮ್ಮ ಕೈಲಿ ಎತ್ತೋಕಾಗದಷ್ಟು ತೂಕ ಹೆಗಲ ಮೇಲೆ ಇಡ್ತೀವಿ. ಐದು ಎಣಿಸೋವಷ್ಟು ನಿಧಾನವಾಗಿ ನೀವು ಕೂರಬೇಕು. ಕೂತ ಮೇಲೆ ಈ ಕಡೆ ಒಬ್ರು ಆ ಕಡೆ ಒಬ್ರು ತೂಕ ಎತ್ಕೋತಾರೆ. ನೀವು ಬರಿಗೈಲಿ ಎದ್ದು ನಿಲ್ತೀರಿ, ಮತ್ತೆ ಇಡ್ತಾರೆ. ಇಳಿಸೋದು ನಿಮ್ದು, ಎತ್ತೋದು ನಮ್ದು."

"ಎತ್ತೋದು ಬೇರೆಯವರದ್ದಾ?" ಭಾವನ ಕಣ್ಣು ಹೊಳೆಯಿತು. ಸರ್ಕಾರಿ ಕೆಲಸದಲ್ಲಿ ಇಷ್ಟು ವರ್ಷ ಕಳೆದವರಿಗೆ ಇದಕ್ಕಿಂತ ಸಹಜವಾದ ವ್ಯವಸ್ಥೆ ಇನ್ನೊಂದಿಲ್ಲ.

"ಆದ್ರೆ ಒಂದು ಮಾತು. ಇದು ಮೈ ಹಿಂಡಿಬಿಡುತ್ತೆ. ಒಂದು ದಿನ ಮಾಡಿದ್ರೆ ಆರು ದಿನ ಬಿಡಬೇಕು."

ಭಾವ ಗಂಭೀರವಾಗಿ ತಲೆಯಾಡಿಸಿದರು. ಮನೆಗೆ ಬರುವ ದಾರಿಯಲ್ಲಿ ನನಗೆ, "ಕೇಳಿದೆಯಲ್ಲ, ಆರು ದಿನ ಮಾಡಬೇಕು, ಒಂದು ದಿನ ಬಿಡಬೇಕು," ಎಂದರು. ಕಚೇರಿಗೂ ಹಾಗೇ ಅಲ್ಲವೇ ರಜೆ. ನಾನು ತಿದ್ದಲು ಹೋದೆ. "ನೀನು ಜೆರಾಕ್ಸ್ ತೆಗೆಯೋನು, ನಿನಗೆ ತೂಕದ ವಿಷಯ ಏನು ಗೊತ್ತು," ಎಂದು ಬಾಯಿ ಮುಚ್ಚಿಸಿದರು.

ಅಭ್ಯಾಸ ಮನೆಯ ನಡುಮನೆಯಲ್ಲೇ ಎಂದಾಯಿತು. ಕಬ್ಬಿಣದ ಕೊಳವೆ ಒಂದು ಸಿಕ್ಕಿತು. ಅದರ ಎರಡು ತುದಿಗೆ ಗೋಣಿಚೀಲ ಕಟ್ಟಿ, ಉಗ್ರಾಣದಿಂದ ಕೆಂಪು ಬಣ್ಣದ ಬಟ್ಟುಗಳನ್ನು ಕಚೇರಿಯ ಚೀಲದಲ್ಲಿ ದಿನಕ್ಕಿಷ್ಟು ಎಂದು ಹೊತ್ತು ತಂದು ತುಂಬಿದರು. ಹಿಂದೆ ಒಂದು ಗಿಡ್ಡ ಸ್ಟೂಲು ಇಟ್ಟುಕೊಂಡರು. ಒಂದು ತುದಿ ಎತ್ತಲು ನಾನು, ಇನ್ನೊಂದಕ್ಕೆ ಅಕ್ಕ. ಮೊದಲ ದಿನ ಭಾವ ಐದು ಎಣಿಸುವಷ್ಟು ನಿಧಾನವಾಗಿ ಕೂರಲು ಹೊರಟವರು ಎರಡಕ್ಕೇ ಧಡ್ ಎಂದು ಕೂತರು. ನನ್ನ ಮನೆಯ ಚಾವಣಿಯಿಂದ ಸುಣ್ಣದ ಚಕ್ಕೆ ಬಿದ್ದ ಸುದ್ದಿಯನ್ನು ಹೆಂಡತಿ ಕೆಳಗಿನಿಂದಲೇ ಕೂಗಿ ಹೇಳಿದಳು. ಮಂಚದ ಮೇಲಿಂದ ದೊಡ್ಡವರು ಉದ್ದ ಸೀಟಿ ಊದಿದರು.

"ಏನೋ ಅದು? ಮೂಟೆ ಬಿತ್ತಾ, ನೀನು ಬಿದ್ದೆಯಾ?"

"ಇಬ್ಬರೂ ಅಪ್ಪ," ಎಂದರು ಭಾವ.

ನೋವು ಬಂದದ್ದು ಮರುದಿನ. ಅಂಥ ನೋವಿಗೆ ಒಂದು ಗುಣವಿದೆ, ಅದು ಹತ್ತುವವನನ್ನು ಸುಮ್ಮನೆ ಬಿಟ್ಟು ಇಳಿಯುವವನನ್ನು ಹಿಡಿದುಕೊಳ್ಳುತ್ತದೆ. ಅಪ್ಪನನ್ನು ಹೊತ್ತು ಇಳಿಯಲೆಂದು ಹೊರಟ ಮನುಷ್ಯ ಬರಿಗೈಯಲ್ಲಿ ಇಳಿಯಲಾಗದೆ ಮೊದಲ ಮೆಟ್ಟಿಲಲ್ಲೇ ಬೋನಿಗೆ ಸಿಕ್ಕಿದ ಹಾಗೆ ನಿಂತರು. ಕೊನೆಗೆ ಹಿಮ್ಮುಖವಾಗಿ, ಮೆಟ್ಟಿಲ ಕಂಬಿ ಹಿಡಿದು, ಒಂದೊಂದೇ ಮೆಟ್ಟಿಲು ಇಳಿದರು. ಇಳಿಯುತ್ತಾ ಎದುರಾದವರಿಗೆಲ್ಲ ಬೆನ್ನಿನಿಂದಲೇ ನಮಸ್ಕಾರ ಹೇಳಿದರು. ಸಂಜೆ ಬಂದು ಮತ್ತೆ ಕೊಳವೆ ಹೊತ್ತರು. ಮರುದಿನ ಇನ್ನೂ ನಿಧಾನ. ಮೂರನೆಯ ದಿನ ಕಚೇರಿಗೆ ಹೋಗಲು ಅವರು ಮನೆ ಬಿಟ್ಟಾಗ ಇನ್ನೂ ಹಾಲಿನವನು ಬಂದಿರಲಿಲ್ಲ.

ಕಟ್ಟಡ ಸುಮ್ಮನಿರುತ್ತದೆಯೇ? ಪ್ರತಿ ಸಂಜೆ ಧಡ್ ಎಂಬ ಸದ್ದು, ಸೀಟಿ, "ಇಳಿಸೋ! ಇನ್ನೂ ನಿಧಾನ! ಬಿಡಬೇಡ!" ಎಂಬ ಮುದುಕರ ಅಬ್ಬರ, ಆಮೇಲೆ ಒಂದು ನರಳಾಟ. ಬೆಳಿಗ್ಗೆ ಮಗ ಹಿಮ್ಮುಖವಾಗಿ ಇಳಿಯುವುದು. ವಾರದೊಳಗೆ ಕಟ್ಟಡ ಎರಡು ಪಂಗಡವಾಯಿತು. ಮಗ ಅಪ್ಪನಿಗೆ ಹೊಡೆಯುತ್ತಾನೆ ಎಂದು ಒಂದನೇ ಮಹಡಿ. ಅಪ್ಪನೇ ಮಗನ ಕಾಲಿಗೆ ಹೊಡೆಯುತ್ತಾನೆ ಎಂದು ಎರಡನೇ ಮಹಡಿ. ಎರಡನೇ ಮಹಡಿಯ ಹೊಲಿಗೆಯಮ್ಮ ಎರಡೂ ಪಂಗಡದ ಬಟ್ಟೆ ಹೊಲಿಯುವವಳು, ಆದ್ದರಿಂದ ಇಬ್ಬರೂ ಹೊಡೆದಾಡುತ್ತಾರೆ ಎಂದು ರಾಜಿ ಮಾಡಿಸಿ ಪೊಲೀಸರಿಗೆ ಫೋನು ಮಾಡಿದಳು.

ಪೊಲೀಸಿನವನು ಬಂದು ಬಾಗಿಲು ಬಡಿದದ್ದು ಕಷ್ಟದ ಗಳಿಗೆಯಲ್ಲಿ. ಅಕ್ಕ ಹಾಲು ಉಕ್ಕಿತೆಂದು ಒಳಗೆ ಓಡಿದ್ದಳು. ಭಾವ ಹೆಗಲ ಮೇಲೆ ಕೊಳವೆ ಹೊತ್ತು, ಸ್ಟೂಲಿನ ಮೇಲೆ ಕೂತು, ಮುಖ ಬದನೆಕಾಯಿ ಬಣ್ಣಕ್ಕೆ ತಿರುಗಿಸಿಕೊಂಡಿದ್ದರು. ಒಂದು ತುದಿ ಹಿಡಿದ ನಾನು ಇನ್ನೊಂದು ತುದಿಯನ್ನು ನೋಡುತ್ತಿದ್ದೆ.

"ಏನ್ರೀ ನಡೀತಾ ಇದೆ ಇಲ್ಲಿ?"

"ಸಾರ್, ಮೊದಲು ಹಿಡೀರಿ. ಆಮೇಲೆ ವಿಚಾರಿಸಿ," ಎಂದರು ಭಾವ ಉಸಿರು ಕಟ್ಟಿಕೊಂಡು.

ಅವನು ಲಾಠಿ ಕೆಳಗಿಟ್ಟು ಹಿಡಿದ. ಎತ್ತಿದೆವು. ಒಳಗಿನ ಮಂಚದಿಂದ ಬಾಗಿಲ ಸಂದಿಯಲ್ಲಿ ನೋಡುತ್ತಿದ್ದ ದೊಡ್ಡವರ ಸೀಟಿ ಬಂತು.

"ಬೆನ್ನು ಬಗ್ಗಿಸಿ ಎತ್ತೋದು ಯಾವನೋ ಅವನು? ಮಂಡಿ ಮಡಚು! ಎದೆ ಮುಂದಕ್ಕೆ!"

ಪೊಲೀಸಿನವನು ಹುಟ್ಟುಗುಣಕ್ಕೋ ಕಲಿತ ಗುಣಕ್ಕೋ ಎದೆ ಮುಂದೆ ಮಾಡಿದ. ಸೀಟಿಯ ಮಾತನ್ನು ಮೀರುವುದು ಅವನ ಇಲಾಖೆಯಲ್ಲಿ ಇಲ್ಲ. ಅರ್ಧ ಗಂಟೆ ಎತ್ತಿ, ಚಹಾ ಕುಡಿದು, ದೂರು ಸುಳ್ಳು ಎಂದು ಹೇಳಿ ಹೋದ. ಮರುದಿನ ಡ್ಯೂಟಿ ಮುಗಿಸಿ ತಾನೇ ಬಂದ. ಸೊಂಟದ ನೋವು ಹಗುರಾಗಿದೆಯಂತೆ.

ದೂರು ಕೊಟ್ಟ ಹೊಲಿಗೆಯಮ್ಮನೂ ಪೊಲೀಸಿನವನು ಯಾಕೆ ದಿನಾ ಬರುತ್ತಾನೆ ಎಂದು ನೋಡಲು ಬಂದಳು. ಅವಳನ್ನೂ ಎತ್ತಿಸಿದರು. ಇಪ್ಪತ್ತು ವರ್ಷ ಹೊಲಿಗೆ ಯಂತ್ರ ತುಳಿದ ಕಾಲು. ನಮ್ಮೆಲ್ಲರಿಗಿಂತ ಸಲೀಸಾಗಿ ಎತ್ತಿದಳು. ಗೋಣಿಚೀಲದ ಹೊಲಿಗೆ ನೋಡಿ, "ಥೂ, ಇದನ್ನ ಯಾರು ಹೊಲಿದದ್ದು?" ಎಂದು ಬಿಚ್ಚಿ ಜೋಡಿ ಹೊಲಿಗೆ ಹಾಕಿಕೊಟ್ಟಳು. ಅಪ್ಪನನ್ನು ಬೆನ್ನಿಗೆ ಕಟ್ಟಿಕೊಳ್ಳಲು ದಪ್ಪ ಕ್ಯಾನ್ವಾಸಿನ ಪಟ್ಟಿಯನ್ನೂ ಅಳತೆ ತೆಗೆದು ಹೊಲಿದಳು.

ಆಮೇಲೆ ಭಾವನ ಕಚೇರಿಯ ಸಾಹೇಬರು ಬಂದರು. ಉಗ್ರಾಣದ ತಿರಸ್ಕೃತ ಬಟ್ಟುಗಳು ಕಾಲು ಬಂದ ಹಾಗೆ ನಡೆದುಹೋಗುತ್ತಿರುವುದು ಅವರ ಗಮನಕ್ಕೆ ಬಂದಿತ್ತು.

"ಏನ್ರೀ ಇದು? ಸರ್ಕಾರದ ತೂಕ ನಿಮ್ಮ ನಡುಮನೇಲಿ?"

"ತೂಕ ಅಲ್ಲ ಸಾರ್," ಎಂದರು ಭಾವ ವಿನಯವಾಗಿ. "ಕೆಂಪು ಬಳಿದ ಮೇಲೆ ಇವನ್ನ ತೂಕ ಅಂತ ಇಲಾಖೆ ಒಪ್ಪಲ್ಲ. ನೀವೇ ಸಹಿ ಹಾಕಿದ್ದು. ಇಲಾಖೆ ಲೆಕ್ಕದಲ್ಲಿ ಇವಕ್ಕೆ ತೂಕವೇ ಇಲ್ಲ."

ಸಾಹೇಬರು ಯೋಚನೆಗೆ ಬಿದ್ದರು. ಕಾನೂನಿನ ಪ್ರಕಾರ ಅದು ಸರಿಯಿತ್ತು. ಪರೀಕ್ಷಿಸಲೆಂದು ಕೊಳವೆಯ ಒಂದು ತುದಿ ಹಿಡಿದರು. "ಅಯ್ಯಯ್ಯೋ, ಇದೆಯಲ್ರೀ!" ಎಂದರು. ಆದರೆ ಹಿಡಿದಾಗಿತ್ತು, ಬಿಟ್ಟರೆ ಭಾವನ ಹೆಗಲು ಹೋಗುತ್ತಿತ್ತು. ವಿಚಾರಣೆ ಮುಗಿಯುವವರೆಗೆ ಬಟ್ಟುಗಳ ಮೇಲೆ ಕಣ್ಣಿಡಬೇಕಾದ ಹೊಣೆ ತಮ್ಮದೆಂದು ಅವರೂ ಸಂಜೆಗಳಲ್ಲಿ ಬರತೊಡಗಿದರು.

ಹೀಗೆ ಆ ಮನೆಗೆ ಯಾರು ವಿಚಾರಿಸಲು ಬಂದರೂ ಎತ್ತದೆ ಹೋಗುವಂತಿರಲಿಲ್ಲ. ಭಾವ ಹೇಳುತ್ತಿದ್ದುದು ಒಂದೇ ಮಾತು, "ಇಳಿಸೋದು ನಂದು, ಎತ್ತೋದು ನಿಮ್ದು." ಕೊನೆಗೊಂದು ದಿನ ಪೈಲ್ವಾನನೇ ಬಂದು ನೋಡಿ ತಲೆ ಚಚ್ಚಿಕೊಂಡ. "ಆರು ದಿನ ಬಿಡಿ ಅಂದ್ರೆ ಆರು ದಿನ ಮಾಡ್ತಾ ಇದೀರಲ್ಲ ಸಾರ್! ಬದುಕಿದ್ದೇ ಹೆಚ್ಚು!" ಆವತ್ತಿನಿಂದ ವಾರಕ್ಕೊಂದೇ ಸಂಜೆ ಆಯಿತು. ಮಿಕ್ಕ ಸಂಜೆಗಳಲ್ಲಿ ಎತ್ತುವವರು ಬಂದು, ಇಳಿಸಲು ಯಾರೂ ಇಲ್ಲದೆ, ಚೀಲವನ್ನು ಸುಮ್ಮನೆ ಎತ್ತಿ ಇಟ್ಟು ಹೋಗುತ್ತಿದ್ದರು. ಕೈ ಕೇಳಬೇಕಲ್ಲ.

ವಿಶ್ರಾಂತಿ ಸಿಕ್ಕಿದ ಮೇಲೆ ಕಾಲು ನಿಜವಾಗಿ ಬಂತು. ಪ್ಯಾಂಟು ತೊಡೆಯ ಹತ್ತಿರ ಬಿಗಿಯಾಯಿತು. ಹೊಲಿಗೆಯಮ್ಮ ಬಿಚ್ಚಿ ಬಟ್ಟೆ ಸೇರಿಸಿದಳು. ಭಾವ ಈಗ ಐದೇನು, ಹತ್ತು ಎಣಿಸುವಷ್ಟು ನಿಧಾನವಾಗಿ ಕೂರಬಲ್ಲವರಾದರು. ಎಪ್ಪತ್ತಾಯಿತು, ಎಂಬತ್ತಾಯಿತು, ತೊಂಬತ್ತೂ ಆಯಿತು. ಮಂಚವನ್ನು ನಡುಮನೆಗೆ ಎಳೆಸಿಕೊಂಡ ದೊಡ್ಡವರು ಅಲ್ಲಿಂದಲೇ ಎಣಿಸುತ್ತಿದ್ದರು. ಹೀಗಳೆಯುವುದನ್ನು ಯಾವಾಗ ಬಿಟ್ಟರೋ ಗೊತ್ತಿಲ್ಲ. ಒಂದು ಸಂಜೆ ಉದ್ದ ಸೀಟಿಯ ಬದಲು ಎರಡು ಚಿಕ್ಕ ಸೀಟಿ ಊದಿದರು. ಅದು ಊಟದ ಸೀಟಿ ಎಂದುಕೊಂಡು ಅಕ್ಕ ತಟ್ಟೆ ತಂದಳು.

"ಊಟಕ್ಕಲ್ಲಮ್ಮ. ಚೆನ್ನಾಗಿ ಇಳಿಸಿದ ಅಂತ ಊದಿದೆ," ಎಂದರು ದೊಡ್ಡವರು.

ಭಾವ ಸ್ಟೂಲಿನ ಮೇಲೆ ಹಾಗೇ ಕೂತುಬಿಟ್ಟರು. ನಲವತ್ತೈದು ವರ್ಷಕ್ಕೆ ಮೊದಲ ಸಲ ಬಂದ ಸೀಟಿ ಅದು.

ಈ ಕಥೆಯನ್ನು ಅಲ್ಲಿಗೇ ನಿಲ್ಲಿಸಬಹುದಾಗಿದ್ದರೆ ನನಗೂ ಸಂತೋಷವಾಗುತ್ತಿತ್ತು. ಆದರೆ ತೊಂಬತ್ತಾದ ಮೇಲೂ ಭಾವ ಅಪ್ಪನನ್ನು ಹೊರಲಿಲ್ಲ.

"ಎರಡು ವಾರದಿಂದ ತೊಂಬತ್ತು ಹೊರ್ತಾ ಇದೀರಿ. ಇನ್ನೇನು ಕಾಯೋದು?" ಎಂದಳು ಅಕ್ಕ.

"ಇವು ತಿರಸ್ಕೃತ ಬಟ್ಟುಗಳು ಕಣೇ. ಕಮ್ಮಿ ಇವೆ ಅಂತಾನೇ ಕೆಂಪು ಬಳಿದಿರೋದು. ತೊಂಬತ್ತು ಅಂದ್ರೆ ತೊಂಬತ್ತಲ್ಲ. ಅದೂ ಅಲ್ದೆ ಸೇತುವೆ ಕಟ್ಟೋರು ಹೊರೆಯ ಒಂದೂವರೆಯಷ್ಟಕ್ಕೆ ಕಟ್ತಾರೆ. ಅಪ್ಪನ್ನ ಬೀಳಿಸಿದ್ರೆ?"

"ಅವರು ಕರಗ್ತಾ ಇದಾರೆ, ನೀವು ತೂಕ ಏರಿಸ್ತಾ ಇದೀರಿ! ಮನುಷ್ಯ ಅನ್ನೋನು ಕಾಯ್ತಾನೇನ್ರೀ, ನಿಮ್ಮ ಕಬ್ಬಿಣದ ಹಾಗೆ?"

ಅವಳು ಹೇಳಿದ್ದು ನಿಜವಾಗಿತ್ತು. ದೊಡ್ಡವರ ಕಾಲಷ್ಟೇ ಊದಿತ್ತು; ತೋಳು, ಕೆನ್ನೆ, ಎದೆ ಎಲ್ಲ ಬತ್ತುತ್ತಿತ್ತು. ಡಾಕ್ಟರು ಎರಡು ಸಲ ಮೆಟ್ಟಿಲು ಹತ್ತಿ ಬಂದು ಬೈದು ಹೋಗಿದ್ದರು. ನಾವು ಎತ್ತುವವರೂ ನೋಡುತ್ತಲೇ ಇದ್ದೆವು. ನೋಡುತ್ತಾ ಚೀಲಕ್ಕೆ ಇನ್ನೊಂದು ಬಟ್ಟು ಹಾಕುತ್ತಿದ್ದೆವು. ಯಾರಿಗೂ ಬುದ್ಧಿ ಇರಲಿಲ್ಲ.

ಮುಂದಿನ ವಾರದ ಸಂಜೆ ಭಾವ ಕೊಳವೆ ಹೊತ್ತು ಇಳಿದರು. ಮಂಡಿ ಅಲುಗಲಿಲ್ಲ, ಬೆನ್ನು ಬಾಗಲಿಲ್ಲ. ಅಷ್ಟು ಚೆನ್ನಾಗಿ ಯಾವತ್ತೂ ಇಳಿಸಿರಲಿಲ್ಲ. ಎರಡು ಚಿಕ್ಕ ಸೀಟಿಗಾಗಿ ಎಲ್ಲರೂ ಮಂಚದ ಕಡೆ ತಿರುಗಿದೆವು. ದೊಡ್ಡವರ ಬಾಯಲ್ಲಿ ಸೀಟಿಯಿತ್ತು, ಕೆನ್ನೆ ಉಬ್ಬಿತ್ತು. ಸದ್ದು ಬರಲಿಲ್ಲ. ಇನ್ನೊಂದು ಸಲ ಊದಿದರು. ಉಸಿರು ಸೀಟಿಯೊಳಗಿನ ಕಾಳನ್ನು ಅಲುಗಿಸುವಷ್ಟೂ ಇರಲಿಲ್ಲ.

ನಾವು ಚೀಲ ಎತ್ತಿಕೊಂಡೆವು. ಭಾವ ಎದ್ದು ನಿಂತು, "ನಾಳೆ ಬೆಳಿಗ್ಗೆ," ಎಂದರು.

ಬೆಳಿಗ್ಗೆ ಇಡೀ ಕಟ್ಟಡ ಬಾಗಿಲಲ್ಲಿ ನಿಂತಿತ್ತು. ಹೊಲಿಗೆಯಮ್ಮ ಪಟ್ಟಿ ಬಿಗಿದಳು. ದೊಡ್ಡವರು ಬಿಳಿ ಅಂಗಿ ತೊಟ್ಟು, ಪೈಜಾಮಕ್ಕೆ ಎರಡು ಗಂಟು ಹಾಕಿಸಿಕೊಂಡು, ಮಗನ ಬೆನ್ನ ಮೇಲೆ ನೆಟ್ಟಗೆ ಕೂತರು. ಭಾವ ಕಲಿತ ಹಾಗೆಯೇ ಇಳಿದರು, ಪ್ರತಿ ಮೆಟ್ಟಿಲಿಗೂ ಐದು ಎಣಿಸಿ. ತಿರುವು ಬಂದಾಗ ನಿಲ್ಲುವುದು, ದೊಡ್ಡವರು ಅರ್ಧ ಉಸಿರಿನ ಒಂದು ಸೀಟಿ ಊದುವುದು, ಮತ್ತೆ ಹೊರಡುವುದು. ಆಂಬುಲೆನ್ಸಿನವನು ಮೂರು ಸಲ ಮೇಲೆ ಬಂದು ನೋಡಿದ. "ಬೇಗ ಇಳಿಸಿ ಸಾರ್, ಪೇಷೆಂಟು ಅರ್ಜೆಂಟು ಅಂದ್ರಿ," ಎಂದ.

"ಬೇಗ ಇಳಿಸೋದಕ್ಕೆ ನೀನಿದ್ದೆಯಲ್ಲ ಹೋದ ವರ್ಷ," ಎಂದರು ದೊಡ್ಡವರು ಮೇಲಿನಿಂದ. ಹೊಲಿಗೆಯಮ್ಮ ಕಿಸಕ್ಕೆಂದಳು.

ಕೆಳಗೆ ಬಂದಾಗ ದೊಡ್ಡವರು ಸ್ವಲ್ಪ ಹೊತ್ತು ಬೀದಿ ನೋಡಬೇಕೆಂದರು. ಗೇಟಿನ ಪಕ್ಕದ ಕಲ್ಲಿನ ಮೇಲೆ ಕೂರಿಸಿದೆವು. ಸೈಕಲ್ಲು, ನಾಯಿ, ನನ್ನ ಅಂಗಡಿಯ ಬೋರ್ಡು ಎಲ್ಲವನ್ನೂ ಒಂದೊಂದಾಗಿ ನೋಡಿದರು. "ಬೋರ್ಡು ಸೊಟ್ಟಗಿದೆ," ಎಂದರು. ಅದು ನಿಜ.

ಆಸ್ಪತ್ರೆಯಲ್ಲಿ ಎರಡು ವಾರ ಇಟ್ಟುಕೊಂಡು ನೀರು ತೆಗೆದರು. ಆಮೇಲೆ ದೊಡ್ಡ ಡಾಕ್ಟರು ಭಾವನನ್ನೂ ನನ್ನನ್ನೂ ಮಂಚದ ಪಕ್ಕಕ್ಕೇ ಕರೆದರು. "ಮನೆಗೆ ಕರ್ಕೊಂಡು ಹೋಗಿ. ನೆಮ್ಮದಿಯಾಗಿರಲಿ. ಇಲ್ಲಿ ಮಾಡೋದಕ್ಕೆ ಇನ್ನೇನೂ ಇಲ್ಲ. ಕರ್ಕೊಂಡು ಬಂದದ್ದು ತಡವಾಯ್ತು."

"ಎಷ್ಟು ತಡ?" ಎಂದು ಕೇಳಿದರು ಭಾವ. ಅಳತೆ ಇಲಾಖೆಯವರು, ಕೇಳದೆ ಇರಲಾರರು.

"ಎರಡು ಮೂರು ತಿಂಗಳು."

ಭಾವ ತಮ್ಮ ಕಾಲುಗಳನ್ನು ನೋಡಿಕೊಂಡರು. ಮಲಗಿದ್ದ ದೊಡ್ಡವರು ಕಣ್ಣು ಮುಚ್ಚಿಕೊಂಡೇ ಹೇಳಿದರು, "ಅವನನ್ನೇನೂ ಅನ್ಬೇಡಿ ಡಾಕ್ಟ್ರೇ. ಬರಲ್ಲ ಅಂದವನು ನಾನು. ಇವನ ಕೈಲಾಗಲ್ಲ ಅಂತ ಹೇಳಿದ್ದೆ. ಆಯ್ತು." ಕಣ್ಣು ತೆರೆದು, "ಕಾಲು ನೋಡಿ ಇವನದು. ನೋಡಿ ಒಂದ್ಸಲ," ಎಂದರು. ಡಾಕ್ಟರಿಗೆ ಏನೂ ಅರ್ಥವಾಗದೆ, ಸುಮ್ಮನೆ ನೋಡಿ, ಚೆನ್ನಾಗಿದೆ ಎಂದರು.

ವಾಪಸು ಬಂದಾಗ ಲಿಫ್ಟಿನ ಬಾಗಿಲಿಗೆ ಹೊಸ ಚೀಟಿ ಇತ್ತು. ಮುಂದಿನ ವಾರ ರಿಪೇರಿ.

ಭಾವ ಅಪ್ಪನನ್ನು ಬೆನ್ನಿಗೆ ಕಟ್ಟಿಸಿಕೊಂಡು ಮೊದಲ ಮೆಟ್ಟಿಲಿಗೆ ಬಲಗಾಲಿಟ್ಟರು. ಅಲ್ಲೇ ನಿಂತರು. ತೊಡೆ ನಡುಗಿತು, ಕತ್ತಿನ ನರ ಉಬ್ಬಿತು. ಎಡಗಾಲು ನೆಲ ಬಿಡಲಿಲ್ಲ.

"ಏನಾಯ್ತೋ?"

"ಏರ್ತಾ ಇಲ್ಲ ಅಪ್ಪ. ಇಳಿಯೋದೊಂದೇ ಕಲಿತದ್ದು."

ದೊಡ್ಡವರು ನಕ್ಕರು. ಆ ಮನುಷ್ಯ ನಗುವುದನ್ನು ನಾನು ನೋಡಿದ್ದು ಅದೇ ಮೊದಲು. ಮಗನ ಹೆಗಲ ಮೇಲೆ ಗಲ್ಲವಿಟ್ಟು, ಕೆಮ್ಮುತ್ತಾ, ಕಣ್ಣಲ್ಲಿ ನೀರು ಬರುವವರೆಗೂ ನಕ್ಕರು. "ನಿನ್ನ ಬುದ್ಧಿಗಿಷ್ಟು," ಎಂದರು.

ಆಗ ಹೊಲಿಗೆಯಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಎತ್ತೋದು ನಮ್ದಲ್ವಾ, ಸರೀರಿ ಆಚೆ," ಎಂದು ತನ್ನ ಮನೆಯಿಂದ ಕುರ್ಚಿ ತರಿಸಿದಳು. ನಾಲ್ಕು ಕಾಲಿಗೆ ನಾಲ್ವರು, ಅವಳು, ಪೊಲೀಸಿನವನು, ಸಾಹೇಬರು, ನಾನು. ಇಷ್ಟು ತಿಂಗಳು ನಾವು ಮಾಡಿದ್ದು ಎತ್ತುವುದೊಂದೇ ತಾನೆ. ಕುರ್ಚಿ ತೇಲಿಕೊಂಡು ಹೋದ ಹಾಗೆ ಹೋಯಿತು. ಭಾವ ಪಟ್ಟಿಯನ್ನು ಹೆಗಲಿಗೆ ಹಾಕಿಕೊಂಡು ಖಾಲಿ ಬೆನ್ನಲ್ಲಿ ಹಿಂದೆ ಹತ್ತಿದರು. ತಿರುವುಗಳಲ್ಲಿ ದೊಡ್ಡವರು ಒಂದು ಕೈಯಲ್ಲಿ ಪೈಜಾಮ ಹಿಡಿದುಕೊಂಡೇ ಇದ್ದರು.

ತಿಂಗಳು ತುಂಬುವುದರೊಳಗೆ ಒಂದು ಬೆಳಿಗ್ಗೆ ದೊಡ್ಡವರು ಹೋದರು. ಅಕ್ಕ ನೀರು ಕೊಡಲು ಹೋದಾಗ ಸೀಟಿ ಕೊರಳಲ್ಲೇ ಇತ್ತು, ಮುಖ ಕಿಟಕಿಯ ಕಡೆಗಿತ್ತು.

ಶವ ಸಾಗಿಸುವ ಗಾಡಿಯವರು ಸ್ಟ್ರೆಚರ್ ಹಿಡಿದು ಮೇಲೆ ಬಂದರು. ಭಾವ ಬಾಗಿಲಿಗೆ ಅಡ್ಡ ನಿಂತರು. "ಆ ಹಲಗೆ ಬೇಡ. ಅಪ್ಪ ಒಪ್ಪಲ್ಲ."

"ಸಾರ್, ಈಗ ಅವರು..." ಎಂದ ಗಾಡಿಯವನು.

"ಒಪ್ಪಲ್ಲ ಅಂದೆ."

ಹೊಲಿಗೆಯಮ್ಮ ಪಟ್ಟಿ ತಂದಳು. ಕಟ್ಟುವಾಗ ಗಂಟು ಎರಡು ಸಲ ಬಿಚ್ಚಿ ಹಾಕಿದಳು. ಪೈಜಾಮಕ್ಕೂ ಎರಡು ಗಂಟು. ದೊಡ್ಡವರ ತಲೆ ಮಗನ ಹೆಗಲ ಮೇಲೆ ಒರಗಿತು. ತೂಕದಲ್ಲಿ ಅರ್ಧಕ್ಕರ್ಧ ಇಳಿದುಹೋಗಿದ್ದರು, ಭಾವನ ಕಾಲಿಗೆ ಅದು ಒಂದು ಭಾರವೇ ಅಲ್ಲ. ಆದರೂ ಮೊದಲಿಗಿಂತ ನಿಧಾನವಾಗಿ ಇಳಿದರು. ಬಾಗಿಲುಗಳು ತೆರೆದಿದ್ದವು.

ಮೊದಲ ತಿರುವಿನಲ್ಲಿ ಭಾವ ನಿಂತರು. ನಾವು ಕಾದೆವು. ಅವರು ಹೊರಡಲಿಲ್ಲ. ಸುಸ್ತಾಗಿರಬೇಕು ಎಂದುಕೊಂಡು ಪೊಲೀಸಿನವನು ಕೈಕೊಡಲು ಹೋದ, ಭಾವ ತಲೆಯಾಡಿಸಿದರು. ಮುಖ ನೋಡಿದೆ. ಮಂಡಿ ಸ್ವಲ್ಪ ಮಡಚಿ, ಎದೆ ಮುಂದೆ ಮಾಡಿ, ಏನನ್ನೋ ಕಾಯುತ್ತಿದ್ದರು. ಗಾಡಿಯವನು ಗೊಣಗಿದ. ಯಾರಿಗೂ ಏನು ಮಾಡಬೇಕೆಂದು ತಿಳಿಯಲಿಲ್ಲ.

ತಿಳಿದದ್ದು ಅಕ್ಕನಿಗೆ. ಅವಳು ಹಿಂದಿನಿಂದ ಬಂದು, ಮಾವನ ಕೊರಳಿಗೆ ಕೈಹಾಕಿ ಸೀಟಿ ತೆಗೆದುಕೊಂಡು, ಬಾಯಿಗಿಟ್ಟು ಒಂದು ಸಲ ಊದಿದಳು. ಭಾವ ಮುಂದಿನ ಮೆಟ್ಟಿಲಿಗೆ ಕಾಲಿಟ್ಟರು. ಆಮೇಲೆ ಪ್ರತಿ ತಿರುವಿನಲ್ಲೂ ಅವಳೇ ಊದಿದಳು. ಊದುವುದು, ಕಣ್ಣೊರೆಸಿಕೊಳ್ಳುವುದು, ಮತ್ತೆ ಊದುವುದು.

ಕೆಳಗೆ ಗಾಡಿಯ ಹಿಂಬಾಗಿಲು ತೆರೆದಿತ್ತು. ಗಾಡಿಯವರು ಅದರ ಮುಂದೆ ನೆಲದ ಮೇಲೆ ಬಿಳಿ ಬಟ್ಟೆ ಹಾಸಿದ್ದರು. ಭಾವ ಅದಕ್ಕೆ ಬೆನ್ನು ಮಾಡಿ ನಿಂತು, ಕೊನೆಯ ಸಲ, ಐದು ಎಣಿಸಿ, ಹತ್ತು ಎಣಿಸಿ, ಇನ್ನೂ ಎಷ್ಟೋ ಎಣಿಸುತ್ತಾ ಕೂತರು. ದೊಡ್ಡವರ ಮೈ ಬಟ್ಟೆಯ ಮೇಲೆ ಒಂದಿಷ್ಟೂ ಸದ್ದಿಲ್ಲದೆ ಕೂತಿತು, ಆಮೇಲೆ ಮಲಗಿತು. ಹೊಲಿಗೆಯಮ್ಮ ಪಟ್ಟಿ ಬಿಚ್ಚಿದಳು. ಅಕ್ಕ ಎರಡು ಚಿಕ್ಕ ಸೀಟಿ ಊದಿದಳು.

ಗಾಡಿಯವರು ಅವರನ್ನು ಬಟ್ಟೆ ಸಮೇತ ಗಾಡಿಯೊಳಗೆ ತೆಗೆದುಕೊಂಡರು. ನಾವು ನಾಲ್ವರೂ ರೂಢಿಯಂತೆ ಎರಡೂ ಕಡೆ ಬಂದು, ಮಂಡಿ ಮಡಚಿ, ಕೈ ಚಾಚಿ ನಿಂತಿದ್ದೆವು. ಇಷ್ಟು ತಿಂಗಳಲ್ಲಿ ಭಾವ ಇಳಿಸಿದ್ದನ್ನೆಲ್ಲ ನಾವು ಮತ್ತೆ ಮೇಲೆತ್ತಿದ್ದೆವು. ಆವತ್ತು ಎತ್ತಲು ಏನೂ ಇರಲಿಲ್ಲ. ಸಾಹೇಬರು ತಮ್ಮ ಚಾಚಿದ ಕೈಗಳನ್ನು ನೋಡಿಕೊಂಡು ಮೆಲ್ಲಗೆ ಜೇಬಿಗೆ ಹಾಕಿಕೊಂಡರು.

"ಭಾವ, ಏಳಿ," ಎಂದೆ ನಾನು.

ಅವರು ಕೂತೇ ಇದ್ದರು. ನೆಲಕ್ಕೆ ಎರಡೂ ಕೈ ಊರಿ ಒಂದು ಸಲ ಪ್ರಯತ್ನಪಟ್ಟರು. ಆ ಕಾಲುಗಳು, ಒಂದೂವರೆ ಪಟ್ಟು ಹೊರೆಗೆ ಕಟ್ಟಿದ ಕಾಲುಗಳು, ಬರೀ ಅವರೊಬ್ಬರನ್ನು ಎತ್ತಲಿಲ್ಲ.

"ಆಗ್ತಾ ಇಲ್ಲ ಕಣೋ," ಎಂದರು.

ಹೊಲಿಗೆಯಮ್ಮ ಮೂಗೊರೆಸಿಕೊಂಡು ಮುಂದೆ ಬಂದಳು. "ಹೂಂ, ನಿಂತು ನೋಡೋದೇನು? ಹಿಡೀರಿ."

ಸಾಹೇಬರು ಜೇಬಿನಿಂದ ಕೈ ತೆಗೆದರು. ನಾವು ನಾಲ್ವರೂ ಹಿಡಿದೆವು. ನಾವು ಅಷ್ಟು ದಿನ ಎತ್ತಿದ ತೂಕದಲ್ಲೆಲ್ಲ ಅದೇ ಹೆಚ್ಚು ಭಾರವಾಗಿತ್ತು.